ಆ ರಾತ್ರಿಯ ಕ್ಯಾಸೆಟ್ ಸಿಕ್ಕರೆ ತಕ್ಷಣ ಹಾಕಿ ಕೇಳಬೇಡಿ

ಮಾನ್ಯ ಸಂಪಾದಕರೇ,

ಹರೆಯದಲ್ಲಿ ಕಂಡ, ಇವತ್ತಿಗೂ ಮರೆಯಲಾಗದ ರಾಕ್ ಕಾನ್ಸರ್ಟ್ ಬಗ್ಗೆ ನಿಮ್ಮ ಪುರವಣಿಯಲ್ಲಿ ಬರುತ್ತಿರುವ ಓದುಗರ ಬರಹಗಳನ್ನು ಓದುತ್ತಿದ್ದೇವೆ. ಕೆಲವರ ಬರಹದಲ್ಲಿ ಹೋಗುವ ದಾರಿಯಲ್ಲೊಂದು ಮಾತು ಬರುತ್ತದೆ: ಅವತ್ತು ಜೇಬಿನಲ್ಲಿ ಅಡಗಿಸಿ ಒಯ್ದ ಪುಟ್ಟ ರೆಕಾರ್ಡರಿನಲ್ಲಿ ತುಂಬಿಸಿಕೊಂಡ ಕ್ಯಾಸೆಟ್ ಮನೆಯಲ್ಲೆಲ್ಲೋ ಇದೆ, ಹುಡುಕಬೇಕು. ಖಂಡಿತ ಹುಡುಕಿ. ಸಿಕ್ಕ ಕೂಡಲೇ ಹಾಕಿ ಕೇಳಬೇಡಿ. ಮೂವತ್ತು ನಲವತ್ತು ವರ್ಷ ಅಲುಗಾಡದೆ ಕೂತ ಟೇಪು ಕೆಡುವುದಿದ್ದರೆ ಮತ್ತೆ ತಿರುಗುವ ಮೊದಲ ಸಲವೇ ಕೆಡುತ್ತದೆ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸದಲ್ಲಿ ಇರುವವರು ನಾವು. ಆ ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇವೆ.

ನೆನಪು ಗಟ್ಟಿಯಾಗಿರುವಾಗ ಟೇಪು ಯಾಕೆ ಎಂದು ಕೇಳುವವರಿದ್ದಾರೆ. ನೆನಪು ಆ ರಾತ್ರಿಯನ್ನು ತನಗೆ ಒಪ್ಪುವಂತೆ ಜೋಡಿಸಿಕೊಂಡಿರುತ್ತದೆ. ಕೊನೆಯಲ್ಲಿ ನುಡಿಸಿದರೆಂದು ಆಣೆ ಮಾಡಿ ಹೇಳುವ ಹಾಡು ಟೇಪಿನಲ್ಲಿ ಎರಡನೆಯದಾಗಿರುತ್ತದೆ. ಹತ್ತು ನಿಮಿಷದ ಗಿಟಾರ್ ಸೋಲೋ ಅಳೆದು ನೋಡಿದರೆ ಮೂರು ನಿಮಿಷ. ಅಧಿಕೃತ ಚಿತ್ರ, ರೆಕಾರ್ಡುಗಳನ್ನೂ ಪೂರ್ತಿ ನಂಬುವ ಹಾಗಿಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಷೀ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ನುಡಿಸಿದಾಗ 55,000ಕ್ಕೂ ಹೆಚ್ಚು ಜನರ ಕಿರುಚಾಟದಲ್ಲಿ ಹಾಡು ಸರಿಯಾಗಿ ಕೇಳಿಸಲೇ ಇಲ್ಲ. ಆ ಕಾರ್ಯಕ್ರಮದ ಚಿತ್ರಕ್ಕೆಂದು 1966ರ ಜನವರಿಯಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಅವರೇ ಕೆಲವು ಭಾಗಗಳನ್ನು ಮತ್ತೆ ನುಡಿಸಿ, ಹಾಡಿ ಸೇರಿಸಿದರು. ಡಬ್ಬಿಯ ಮೇಲಿನ ಬರಹವೂ ಅಷ್ಟೆ. 1966ರ ಮೇ 17ರಂದು ಬಾಬ್ ಡಿಲನ್ ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಹಾಡಿದ್ದರ ಟೇಪು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದೆಂಬ ಹೆಸರಿನಲ್ಲಿ ದಶಕಗಟ್ಟಲೆ ಕೈಯಿಂದ ಕೈಗೆ ಓಡಾಡಿತು. 1998ರಲ್ಲಿ ಅಧಿಕೃತವಾಗಿ ಹೊರಬಂದಾಗಲೂ ಆ ತಪ್ಪು ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಉಳಿಸಿಕೊಂಡರು, ಜನ ಗುರುತಿಸುವುದು ಆ ಹೆಸರಿನಿಂದಲೇ ಎಂದು. ಆದ್ದರಿಂದ ನಿಮ್ಮ ಕ್ಯಾಸೆಟ್ಟಿನ ಲೇಬಲ್ಲು, ಒಳಗಿನ ಕಾರ್ಡು ಎರಡರ ಫೋಟೋ ತೆಗೆದಿಡಿ. ತಾರೀಕು ಖಚಿತವಾಗಬೇಕಾದರೆ ಬೇರೆ ಸಾಕ್ಷಿ ಹುಡುಕಿ.

ಈಗ ಕ್ಯಾಸೆಟ್ಟಿಗೆ ಬರೋಣ. ಹಿಂದಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಮೊದಲು ಅವನ್ನು ಮುರಿಯಿರಿ. ಅವು ಹೋದ ಮೇಲೆ ಡೆಕ್ಕಿನ (ಕ್ಯಾಸೆಟ್ ನುಡಿಸುವ, ತುಂಬಿಸುವ ಯಂತ್ರದ) ರೆಕಾರ್ಡ್ ಗುಂಡಿ ಕೆಲಸ ಮಾಡುವುದಿಲ್ಲ, ಸಡಗರದಲ್ಲಿ ತಪ್ಪು ಗುಂಡಿ ಒತ್ತಿ ಮೊದಲ ಹಾಡನ್ನೇ ಅಳಿಸಿಹಾಕುವ ಭಯ ತಪ್ಪುತ್ತದೆ. ಆಮೇಲೆ ಕಿಟಕಿಯಿಂದ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಪುಡಿಯೋ ಮಚ್ಚೆಯೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಪ್ಲೇಯರಿಗೆ ಹಾಕಲೇಬೇಡಿ. ಟೇಪನ್ನು ಓದುವ ಭಾಗವಾದ ಹೆಡ್ಡಿಗೆ ಅಂಟಿ, ಅಲ್ಲಿಂದ ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಉಸಿರಿಗೂ ಒಳ್ಳೆಯದಲ್ಲ. ಬಲ್ಲವರಿಗೆ ಕೊಡುವವರೆಗೆ ಬೇರೆಯಾಗಿ ಕವರಿನಲ್ಲಿ ಮುಚ್ಚಿಡಿ.

ಟೇಪು ಹೊರಗೆ ಕಾಣುವ ಕಡೆ, ನಡುವಿನ ಕಿಂಡಿಯಲ್ಲಿ, ತೆಳು ಲೋಹದ ಪಟ್ಟಿಯ ಮೇಲೆ ಅಂಟಿಸಿದ ಚಿಕ್ಕ ಫೆಲ್ಟ್ ತುಂಡೊಂದು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ಹಳೆಯ ಅಂಟು ಒಣಗಿ ಅದು ಉದುರಿಹೋಗಿರುವುದು ತೀರಾ ಸಾಮಾನ್ಯ. ಅದಿಲ್ಲದೆ ನುಡಿಸಿದರೆ ಸದ್ದು ಮಂಕಾಗಿ, ಏರಿಳಿದು ಬರುತ್ತದೆ. ಟೇಪೇ ಸತ್ತಿದೆ ಎಂದು ಜನ ಎಸೆಯುವುದು ಇಂಥ ಹೊತ್ತಿನಲ್ಲಿ. ಬೇಡದ ಬೇರೆ ಕ್ಯಾಸೆಟ್ಟಿನಿಂದ ಪಟ್ಟಿ ಸಮೇತ ಫೆಲ್ಟನ್ನು ತೆಗೆದು ಹಾಕಿದರೆ ಸಾಕು. ಐದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚುವುದು ಸುಲಭ. ಮೇಜಿನ ಮೇಲೆ ಮಲಗಿಸಿಯೇ ಬಿಚ್ಚಿ, ಮೇಲಿನ ಅರ್ಧವನ್ನು ನಿಧಾನ ಎತ್ತಿ. ಒಳಗಿನ ಎರಡು ಪ್ಲಾಸ್ಟಿಕ್ ಹಾಳೆ, ಮೂಲೆಯ ರೋಲರುಗಳು ಎಲ್ಲಿದ್ದವು ಎಂಬುದಕ್ಕೆ ಫೋಟೋ ಇರಲಿ. ಸ್ಕ್ರೂ ಇಲ್ಲದೆ ಅಂಚು ಬೆಸೆದ ಕ್ಯಾಸೆಟ್ಟಾದರೆ ಅಂಚಿನುದ್ದಕ್ಕೂ ತೆಳು ಬ್ಲೇಡಿನಿಂದ ಬಿಡಿಸಿ, ಸುರುಳಿಗಳನ್ನು ಸ್ಕ್ರೂ ಇರುವ ಇನ್ನೊಂದು ಚಿಪ್ಪಿಗೆ ವರ್ಗಾಯಿಸಬೇಕು. ಟೇಪು ಕಡಿದಿದ್ದರೆ 3.81 ಮಿ.ಮೀ. ಅಗಲದ ಟೇಪಿಗೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪನ್ನು ಹೆಡ್ಡಿಗೆ ತಾಗದ ಹಿಂಬದಿಗೆ ಹಚ್ಚಿ. ಅಂಗಡಿಯ ಸೆಲ್ಲೋಟೇಪು ಹಚ್ಚಿದರೆ ಅದರ ಅಂಟು ವರ್ಷಗಳಲ್ಲಿ ಒಸರಿ, ಮುಂದಿನ ಸುತ್ತಿಗೂ ಹಿಡಿದು, ತಿರುಗಿಸುವಾಗ ಮತ್ತೆ ಕೀಳುತ್ತದೆ.

ಎರಡೂ ಬದಿ ಸೇರಿ 120 ನಿಮಿಷ ಓಡುವ ಸಿ-120 ಕ್ಯಾಸೆಟ್ಟಿನ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಸಿ-90ರ ಟೇಪು ಸುಮಾರು 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪವಿದ್ದರೆ ಇದು 9 ಮಾತ್ರ. ಇಡೀ ಷೋ ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಯಲಿ ಎಂದು ಅದನ್ನೇ ಒಯ್ದವರು ಬಹಳ. ಬೇಗ ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ಒಂದು ಸುತ್ತಿನ ಕಾಂತತೆ ಪಕ್ಕದ ಸುತ್ತಿಗೆ ಇಳಿದು, ಹಾಡು ಶುರುವಾಗುವ ಮುಂಚೆಯೇ ಅದರ ನೆರಳು ಸಣ್ಣಗೆ ಕೇಳಿಸುವುದೂ ಇದರಲ್ಲೇ ಹೆಚ್ಚು.

ಯಂತ್ರದ ವಿಷಯ. ನೇರ ಕಂಪ್ಯೂಟರಿಗೆ ಚುಚ್ಚುವ ಅಗ್ಗದ ಯುಎಸ್‌ಬಿ ಪ್ಲೇಯರುಗಳು ಈ ಕೆಲಸಕ್ಕೆ ಆಗುವುದಿಲ್ಲ. ಅವುಗಳ ವೇಗ ಸ್ಥಿರವಿಲ್ಲ, ಹೆಡ್ಡು ಸಾಧಾರಣ. ಸರ್ವಿಸ್ ಆದ, ಬೆಲ್ಟ್ ಬದಲಾಯಿಸಿದ ಪೂರ್ಣ ಗಾತ್ರದ ಡೆಕ್ ಬೇಕು. ಸ್ವಂತಕ್ಕಿಲ್ಲದಿದ್ದರೆ ಎರವಲು ತನ್ನಿ. ಹೆಡ್ಡುಗಳನ್ನೂ ಟೇಪನ್ನು ಎಳೆಯುವ ಲೋಹದ ಕ್ಯಾಪ್ಸ್ಟನ್ ಕಡ್ಡಿಯನ್ನೂ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ, ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ. ಟೇಪನ್ನು ಆ ಕಡ್ಡಿಗೆ ಒತ್ತುವ ರಬ್ಬರಿನ ಪಿಂಚ್ ರೋಲರಿಗೆ ಮಾತ್ರ ಆಲ್ಕೊಹಾಲ್ ಬೇಡ, ರಬ್ಬರ್ ಒಣಗಿ ಬಿರಿಯುತ್ತದೆ. ತೆಳು ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಮೊದಲು, ಹಾಳಾದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ ಹಾಕಿ, ಎರಡೂ ಬದಿ ನುಡಿಸಿ ಪರೀಕ್ಷಿಸಿ. ಅದು ಉಳಿದರೆ ನಿಮ್ಮದನ್ನು ಹಾಕಿ, ಒಂದು ಸಲ ತುದಿಯವರೆಗೆ ಮುಂದಕ್ಕೆ, ಮತ್ತೆ ಮೊದಲಿಗೆ ಸುತ್ತಿಸಿ. ಸುತ್ತುಗಳ ಬಿಗಿ ಒಂದೇ ಸಮನಾಗುತ್ತದೆ. ಸುತ್ತುವಾಗ ಕೀಚಲು ಸದ್ದು ಬಂದರೆ ಅಥವಾ ವೇಗ ಕುಂದಿದರೆ ತಕ್ಷಣ ನಿಲ್ಲಿಸಿ.

ಇಷ್ಟೆಲ್ಲ ಮಾಡಿದವರೂ ಒಂದನ್ನು ಬಿಟ್ಟುಬಿಡುತ್ತಾರೆ, ಅದು ಅಜಿಮತ್. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿರಬೇಕು ಎಂಬುದೇ ಇದರ ಅರ್ಥ. ಆದರೆ ಅವತ್ತು ತುಂಬಿಸಿಕೊಂಡ ರೆಕಾರ್ಡರಿನ ಹೆಡ್ಡು ಚೂರು ವಾರೆಯಾಗಿದ್ದರೆ ಇವತ್ತು ನುಡಿಸುವ ಹೆಡ್ಡೂ ಅಷ್ಟೇ ವಾರೆಯಾಗಬೇಕು. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ಈ ವೇಗದಲ್ಲಿ 10,000 ಹರ್ಟ್ಜ್‌ನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ 5 ಮೈಕ್ರಾನಿಗಿಂತ ಕಡಿಮೆ. ಅಷ್ಟು ಸಣ್ಣದಕ್ಕೆ ಕೂದಲೆಳೆಯ ವಾರೆಯೂ ಹೆಚ್ಚೇ: ಸಿಂಬಲ್ಲಿನ ಝೇಂಕಾರ, ಮಾತಿನ ಸಕಾರ ಎಲ್ಲ ಅಳಿಸಿಹೋಗಿ, ಕಂಬಳಿ ಹೊದಿಸಿದಂತೆ ಕೇಳುತ್ತದೆ. ಡೆಕ್ಕಿನ ಬಾಗಿಲಿನ ಮುಚ್ಚಳ ತೆಗೆದರೆ ಹೆಡ್ಡಿನ ಪಕ್ಕ ಸ್ಪ್ರಿಂಗಿನ ಮೇಲೆ ಕೂತ ಸ್ಕ್ರೂ ಕಾಣುತ್ತದೆ. ಟೇಪು ಓಡುತ್ತಿರುವಾಗ, ಎರಡೂ ಚಾನೆಲ್ ಬೆರೆಸಿ ಮೋನೋ ಮಾಡಿ ಹೆಡ್‌ಫೋನಿನಲ್ಲಿ ಕೇಳುತ್ತ, ಕಾಂತವಿಲ್ಲದ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಎರಡೂ ಕಡೆಗೆ ಒಂದಿಷ್ಟೇ ತಿರುಗಿಸಿ. ಸದ್ದು ಅತಿ ಚುರುಕಾಗುವ ಜಾಗ ಒಂದೇ ಒಂದು, ಅದು ಬಂದಾಗ ಸಂಶಯವೇ ಉಳಿಯದು. ಸ್ಕ್ರೂ ಮೊದಲಿದ್ದ ಜಾಗಕ್ಕೆ ಮುಂಚೆಯೇ ಗುರುತು ಹಾಕಿರಬೇಕು, ಕೆಲಸ ಮುಗಿದ ಮೇಲೆ ಅಲ್ಲಿಗೇ ತರಬೇಕು. ಬದಿ ಬದಲಿಸಿದಾಗ ಮತ್ತೆ ಹೊಂದಿಸಬೇಕು; ಎ ಬದಿಗೆ ಸರಿಯಾದದ್ದು ಬಿ ಬದಿಗೆ ಸರಿಯಿರುವುದಿಲ್ಲ. ಕಂಪ್ಯೂಟರಿನ ಈಕ್ವಲೈಸರಿನಲ್ಲಿ ಟ್ರೆಬಲ್ ಏರಿಸುವುದು ಇದಕ್ಕೆ ಬದಲಿಯಲ್ಲ. ಅದರಿಂದ ಏರುವುದು ಹಿಸ್, ಅಂದರೆ ಟೇಪಿನದೇ ಸುಯ್ ಎನ್ನುವ ಹಿನ್ನೆಲೆ ಸದ್ದು ಮಾತ್ರ.

ಕ್ಯಾಸೆಟ್ಟಿನ ಟೇಪಿಗೆ ಯಾವ ಜಾತಿಯ ಲೇಪವಿದೆ ಎಂದು ನೋಡಿ ಡೆಕ್ಕಿನ ಟೇಪ್ ಆಯ್ಕೆಯ ಗುಂಡಿ ಇಡಿ: ಸಾಧಾರಣ ಫೆರಿಕ್ ಆದರೆ 120 ಮೈಕ್ರೋಸೆಕೆಂಡ್, ಕ್ರೋಮ್ ಮತ್ತು ಮೆಟಲ್ ಆದರೆ 70. ಡಾಲ್ಬಿ (ಹಿಸ್ ತಗ್ಗಿಸುವ ಏರ್ಪಾಡು) ಹಾಕಿ ತುಂಬಿಸಿದ್ದು ಗೊತ್ತಿದ್ದರೆ ಮಾತ್ರ ಡಾಲ್ಬಿ ಹಾಕಿ, ಅದೂ ಅಜಿಮತ್ ಸರಿಯಾದ ಮೇಲೆ. ಜೇಬಿನ ರೆಕಾರ್ಡರುಗಳಲ್ಲಿ ಬಹುಪಾಲಿನಲ್ಲಿ ಡಾಲ್ಬಿ ಇರಲೇ ಇಲ್ಲ.

ಡೆಕ್ಕಿನ ಲೈನ್ ಔಟಿನಿಂದ, ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸಿನ ಲೈನ್ ಇನ್ನಿಗೆ ತಂತಿ ಕೊಡಿ. ಹೆಡ್‌ಫೋನ್ ತೂತಿನಿಂದ ಬೇಡ, ಮೈಕ್ ತೂತಿಗೂ ಬೇಡ. ತಂತ್ರಾಂಶದಲ್ಲಿ 24 ಬಿಟ್, 96 ಕಿಲೋಹರ್ಟ್ಜ್, ಸದ್ದನ್ನು ಕುಗ್ಗಿಸದ ವೇವ್ ಫೈಲು ಆರಿಸಿ. ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ, ಆಗಲಿ. ಮಟ್ಟವನ್ನು ಡ್ರಮ್ ನೋಡಿ ಹೊಂದಿಸಿದರೆ ಮೋಸ ಹೋಗುತ್ತೀರಿ. ಇಂಥ ಟೇಪುಗಳಲ್ಲಿ ಅತಿ ಎತ್ತರದ ಸದ್ದು ಎಷ್ಟೋ ಸಲ ರೆಕಾರ್ಡರಿನ ಪಕ್ಕದಲ್ಲೇ ಕೂತವರ ಚಪ್ಪಾಳೆ, ಶಿಳ್ಳೆ. ಅದು −6 ಡೆಸಿಬೆಲ್ ದಾಟದಂತೆ ಇಡಿ. ಒಂದೇ ಓಟದಲ್ಲಿ, ನಿಲ್ಲಿಸದೆ, ಬದಿಯ ಕೊನೆಯ ಮೌನವೂ ಸೇರಿ ತೆಗೆದುಕೊಳ್ಳಿ. ಈ ಫೈಲನ್ನು ಮುಂದೆ ಯಾರೂ ಮುಟ್ಟಬಾರದು. ತಿದ್ದುವುದೆಲ್ಲ ಅದರ ಪ್ರತಿಯ ಮೇಲೆ.

ವೇಗದ ಸಮಸ್ಯೆ ಸ್ವಾರಸ್ಯದ್ದು. ಷೋ ಮುಂದುವರಿದ ಹಾಗೆ ರೆಕಾರ್ಡರಿನ ಬ್ಯಾಟರಿ ಇಳಿದು ಮೋಟಾರು ನಿಧಾನವಾಗುತ್ತಿತ್ತು. ನಿಧಾನವಾಗಿ ತುಂಬಿದ್ದನ್ನು ಇವತ್ತು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಮೊದಲ ಹಾಡು ಸರಿಯಿದ್ದು ಕೊನೆಯದರಲ್ಲಿ ಗಾಯಕ ಚಿಕ್ಕ ಹುಡುಗನಂತೆ ಕೇಳಿಸಿದರೆ ಕಾರಣ ಇದೇ. ಸೋನಿಯ ಡಬ್ಲ್ಯುಎಂ-ಡಿ6ಸಿ ಥರದ, ಕ್ವಾರ್ಟ್ಜ್ ಹಿಡಿತವಿದ್ದ ರೆಕಾರ್ಡರುಗಳಲ್ಲಿ ಈ ತೊಂದರೆ ಕಡಿಮೆ. ತಿದ್ದಲು ಜನ ಸಾಮಾನ್ಯವಾಗಿ ಆಲ್ಬಮ್ಮಿನ ಜೊತೆ ಹೋಲಿಸಿ ಶ್ರುತಿ ಹೊಂದಿಸುತ್ತಾರೆ. ಅದು ಜಾರು ದಾರಿ. ವೇದಿಕೆಯಲ್ಲಿ ಗಿಟಾರನ್ನು ಅರ್ಧ ಸ್ವರ ಇಳಿಸಿ ನುಡಿಸುವ ತಂಡಗಳು ಬಹಳ. ಜಿಮಿ ಹೆಂಡ್ರಿಕ್ಸ್ ಹಾಗೆ ನುಡಿಸುತ್ತಿದ್ದುದು ಪ್ರಸಿದ್ಧ. ಲಯವೂ ವೇದಿಕೆಯಲ್ಲಿ ಸ್ಟುಡಿಯೋಗಿಂತ ಚುರುಕಾಗಿರುತ್ತದೆ.

ಇದಕ್ಕಿಂತ ನಂಬಿಕೆಯ ಅಳತೆಗೋಲು ಟೇಪಿನಲ್ಲೇ ಕೂತಿರುತ್ತದೆ: ಗಿಟಾರ್ ಆಂಪ್ಲಿಫೈಯರುಗಳ ಗುಂಯ್ ಸದ್ದು. ವಿದ್ಯುತ್ತು 50 ಹರ್ಟ್ಜ್ ಇರುವ ದೇಶದಲ್ಲಿ ಅದು 50, 100, 150ರಲ್ಲೂ 60 ಇರುವ ದೇಶದಲ್ಲಿ 60, 120, 180ರಲ್ಲೂ ಬೀಳುತ್ತದೆ. ಎರಡು ಹಾಡುಗಳ ನಡುವಿನ ತುಂಡನ್ನು ಆಡಾಸಿಟಿಯಂಥ ತಂತ್ರಾಂಶದಲ್ಲಿ ಆರಿಸಿ ಸ್ಪೆಕ್ಟ್ರಮ್, ಅಂದರೆ ಎಷ್ಟು ಹರ್ಟ್ಜ್ ಬಳಿ ಎಷ್ಟು ಸದ್ದಿದೆ ಎಂದು ತೋರಿಸುವ ನಕ್ಷೆ, ತೆಗೆಯಿರಿ. 50ರ ಬದಲು 53ರ ಬಳಿ ಗೆರೆ ಎದ್ದಿದ್ದರೆ ಟೇಪು 6 ಪ್ರತಿಶತ ಬೇಗ ಓಡುತ್ತಿದೆ, ಅಂದರೆ ಶ್ರುತಿ ಸುಮಾರು ಅರ್ಧ ಸ್ವರ ಏರಿದೆ. ಒಂದೇ ಗೆರೆ ನಂಬದೆ ಮೇಲಿನವನ್ನೂ ನೋಡಿ. 300ರ ಬಳಿಯ ಗೆರೆಯಲ್ಲಿ ಅಳತೆ 50ರದ್ದಕ್ಕಿಂತ ನಿಖರ. ಇಲ್ಲಿ ಎರಡು ಕಡೆ ಎಡವುತ್ತಾರೆ. ನಿಮ್ಮ ಡೆಕ್ಕಿನದೇ ಗುಂಯ್ ಸದ್ದು ಕೂಡ ಅದೇ ಸ್ಪೆಕ್ಟ್ರಮ್ಮಿನಲ್ಲಿ ಕರಾರುವಾಕ್ಕಾಗಿ 50ರಲ್ಲಿ ನಿಂತಿರುತ್ತದೆ; ಟೇಪು ನಿಲ್ಲಿಸಿದರೂ ಅದು ಉಳಿದರೆ ಡೆಕ್ಕಿನದು ಎಂದು ತಿಳಿಯಿರಿ. ಇನ್ನೊಂದು, ಬಯಲಿನ ಷೋಗಳಲ್ಲಿ ಜನರೇಟರ್ ಹಾಕಿದ್ದರೆ ಅದರ 50 ನಿಜವಾದ 50 ಆಗಿರಲಾರದು. ಬ್ಯಾಟರಿ ಇಳಿದ ಟೇಪಿಗೆ ಒಂದೇ ತಿದ್ದುಪಡಿ ಸಾಲದು. ಪ್ರತಿ ಹಾಡಿನ ಮುಂಚಿನ ಗೆರೆ ಅಳೆದು ಅಷ್ಟಷ್ಟೇ ಬದಲಿಸುತ್ತ ಹೋಗಬೇಕು.

ತಿದ್ದಲಾಗದ್ದೂ ಇದೆ. ಜೇಬಿನ ರೆಕಾರ್ಡರಿನಲ್ಲಿ ಸದ್ದಿನ ಮಟ್ಟವನ್ನು ತಾನೇ ಇಳಿಸಿ ಏರಿಸುವ ಏರ್ಪಾಡು ಇತ್ತು. ಡ್ರಮ್ ಬಿದ್ದಾಗಲೆಲ್ಲ ಹಾಡುಗಾರನನ್ನು ಒಳಗೆ ತಳ್ಳಿ, ಹಾಡು ನಿಂತ ಕೂಡಲೇ ಜನರ ಗದ್ದಲವನ್ನು ಮುಂದೆ ತಂದು ನಿಲ್ಲಿಸುತ್ತದೆ. ಅದನ್ನು ಪೂರ್ತಿ ಬಿಡಿಸುವ ತಂತ್ರಾಂಶ ಇಲ್ಲ. ಸ್ಪೀಕರಿನ ಮುಂದೆಯೇ ನಿಂತವರ ಟೇಪಿನಲ್ಲಿ ಮೈಕೇ ಒಡೆದು ಕೂಗಿರುತ್ತದೆ. ಅಲೆಯ ತಲೆ ಕತ್ತರಿಸಿಹೋದ ಮೇಲೆ ತಂತ್ರಾಂಶ ಹಾಕುವುದು ಊಹೆಯ ತಲೆ. ಹಿಂದೆ ಕೂತವರ ಟೇಪಿನ ಪ್ರತಿಧ್ವನಿ ಯಂತ್ರದ ದೋಷವಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯಿಂದ 100 ಮೀಟರ್ ಹಿಂದೆ ತಲುಪಲು ಸೆಕೆಂಡಿನ ಮೂರನೇ ಒಂದು ಭಾಗದ ಹತ್ತಿರ ಬೇಕು, ನಡುವೆ ನಿಲ್ಲಿಸಿದ ಸ್ಪೀಕರ್ ಗೋಪುರಕ್ಕೆ ಅಷ್ಟು ತಡ ಕೊಟ್ಟಿರದಿದ್ದರೆ ಒಂದೇ ಏಟು ಎರಡು ಸಲ ಬೀಳುತ್ತದೆ. ಅದನ್ನು ಹಾಗೇ ಬಿಡಿ, ಆ ಜಾಗದಲ್ಲಿ ಕೂತವರು ಕೇಳಿದ್ದೇ ಅದನ್ನು.

ಹಿಸ್ ತೆಗೆಯುವವರಿಗೆ ಒಂದು ಕಿವಿಮಾತು, ಅಕ್ಷರಶಃ ಕಿವಿಯದೇ. ವಯಸ್ಸಾದಂತೆ 8,000 ಹರ್ಟ್ಜ್‌ಗಿಂತ ಮೇಲಿನದು ಮೊದಲು ಮಂಕಾಗುತ್ತದೆ, ಜೋರು ಷೋಗಳಿಗೆ ಹೋದವರಿಗಂತೂ ಇನ್ನೂ ಬೇಗ. ಹಾಗಾಗಿ ಅರವತ್ತರ ಕಿವಿಗೆ ಹಿತವೆನಿಸುವಷ್ಟು ತಿದ್ದಿದ ಟೇಪು ಇಪ್ಪತ್ತರವರಿಗೆ ನೀರೊಳಗಿನ ಸದ್ದಿನಂತೆ ಗುಳುಗುಳು ಎನ್ನುತ್ತದೆ. ಮನೆಯ ಮಕ್ಕಳನ್ನು ಕರೆದು ಕೇಳಿಸಿ, ಅವರು ಸಾಕು ಎಂದಲ್ಲಿ ನಿಲ್ಲಿಸಿ. ನಮ್ಮ ಪ್ರಕಾರ ಹಿಸ್ ಇದ್ದರೇ ವಾಸಿ. ಐದು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ಮೂಲ ಟೇಪು ಯಾರ ಬಳಿ ಇದೆ ಎಂಬುದೂ ಮುಖ್ಯ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಒಂದು ಸಲ ಇಳಿಸಿದರೆ ಹಿಸ್ ಸುಮಾರು 3 ಡೆಸಿಬೆಲ್ ಏರುತ್ತದೆ, ಅಜಿಮತ್ತಿನ ತಪ್ಪೂ ವೇಗದ ತಪ್ಪೂ ಕೂಡಿಕೊಳ್ಳುತ್ತವೆ. ಗೆಳೆಯರಿಂದ ಬಂದ ಪ್ರತಿಯಾಗಿದ್ದರೆ ಗೆಳೆಯರನ್ನು ಕೇಳಿ. ಲೆಡ್ ಝೆಪ್ಲಿನ್ 1977ರ ಜೂನಿನಲ್ಲಿ ಲಾಸ್ ಏಂಜಲಿಸಿನ ಫೋರಮ್ಮಿನಲ್ಲಿ ನುಡಿಸಿದ್ದು ಇವತ್ತಿಗೂ ಚೆನ್ನಾಗಿ ಕೇಳಿಸುತ್ತಿದ್ದರೆ, ಗಾಲಿಕುರ್ಚಿಯಲ್ಲಿ ನಾಕಾಮಿಚಿ ರೆಕಾರ್ಡರ್ ಅಡಗಿಸಿ ಒಯ್ದ ಅಭಿಮಾನಿ ಮೈಕ್ ಮಿಲರ್ಡ್ ಒಳ್ಳೆಯ ಮೈಕುಗಳನ್ನು ಬಳಸಿದ್ದು ಒಂದು ಕಾರಣ, ಮೂಲವನ್ನು ಜತನ ಮಾಡಿದ್ದು ಇನ್ನೊಂದು. ಗ್ರೇಟ್‌ಫುಲ್ ಡೆಡ್ ತಂಡ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ್ದನ್ನು ತಂಡದ ಧ್ವನಿಮುದ್ರಕಿ ಬೆಟ್ಟಿ ಕ್ಯಾಂಟರ್-ಜಾಕ್ಸನ್ ತುಂಬಿಸಿಕೊಂಡಿದ್ದರು. ಅವರ ಟೇಪುಗಳ ರಾಶಿ ಬಾಡಿಗೆ ಗೋದಾಮಿನ ಹರಾಜಿನಲ್ಲಿ ಕೈತಪ್ಪಿಹೋಯಿತು. ಕೊಂಡವರು ಉಳಿಸಿದ್ದರಿಂದಷ್ಟೇ ಆ ರಾತ್ರಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರುವಂತಾಯಿತು.

ಒಂದೇ ಷೋವನ್ನು ಇಬ್ಬರು ತುಂಬಿಸಿಕೊಂಡಿದ್ದರೆ ಅದೃಷ್ಟ. ಸಿ-90ರಲ್ಲಿ 45 ನಿಮಿಷಕ್ಕೊಮ್ಮೆ ಬದಿ ಬದಲಿಸುವಾಗ ಕತ್ತಲಲ್ಲಿ ತಡಕಾಡಿ ತಪ್ಪಿಹೋದ ತುಂಡು ಇನ್ನೊಬ್ಬರ ಟೇಪಿನಲ್ಲಿ ಸಿಗಬಹುದು. ಎರಡರ ವೇಗವನ್ನೂ ಬೇರೆಬೇರೆಯಾಗಿ ಸರಿಮಾಡಿದ ಮೇಲೆಯೇ ಜೋಡಿಸಿ, ಜೋಡಿಸಿದ ಜಾಗವನ್ನು ಬರೆದಿಡಿ.

ಟಿಕೆಟ್ಟಿನ ತುಂಡು ಉಳಿದಿದ್ದರೆ ತಾರೀಕಿಗೆ ಅದೇ ಒಳ್ಳೆಯ ಸಾಕ್ಷಿ. ಶಾಖದಿಂದ ಅಚ್ಚಾದ ನುಣುಪು ಕಾಗದದ್ದಾದರೆ ಲ್ಯಾಮಿನೇಷನ್ ಮಾಡಿಸಬೇಡಿ. ಆ ಬಿಸಿಗೆ ಇಡೀ ತುಂಡು ಕಪ್ಪಾಗಿ ಅಕ್ಷರವೇ ಉಳಿಯದು. 600 ಡಿಪಿಐಗೆ ಸ್ಕ್ಯಾನ್ ಮಾಡಿ ಕಾಗದದ ಲಕೋಟೆಯಲ್ಲಿ ಕತ್ತಲಲ್ಲಿಡಿ.

ಅಂತರ್ಜಾಲಕ್ಕೆ ಏರಿಸುವ ಆಸೆ ಸಹಜ. ಟೇಪು ನಿಮ್ಮದಾದರೂ ಹಾಡು, ನುಡಿಸಾಣಿಕೆ ನಿಮ್ಮದಲ್ಲ. ಹಣ ಮಾಡದಿದ್ದರೂ ಅನುಮತಿ ಬೇಕಾಗುತ್ತದೆ. ಕೆಲವು ತಂಡಗಳು ಮೊದಲಿನಿಂದ ಉದಾರ. ಗ್ರೇಟ್‌ಫುಲ್ ಡೆಡ್ 1984ರಿಂದ ಟೇಪು ಮಾಡುವವರಿಗೆಂದೇ ಜಾಗ ಬಿಟ್ಟುಕೊಟ್ಟಿತ್ತು. ಇಂಟರ್ನೆಟ್ ಆರ್ಕೈವಿನಲ್ಲಿ 2002ರಿಂದ ಇರುವ ಲೈವ್ ಸಂಗೀತದ ಸಂಗ್ರಹಕ್ಕೆ ಒಪ್ಪಿಗೆ ಕೊಟ್ಟ ತಂಡಗಳದನ್ನು ಮಾತ್ರ ಸೇರಿಸುತ್ತಾರೆ. ನಿಮ್ಮ ತಂಡ ಅಲ್ಲಿದೆಯೇ ನೋಡಿ.

ಇದೆಲ್ಲ ಸ್ವಂತ ಮಾಡಲಾಗದವರು ಕೆಲಸವನ್ನು ಹೊರಗೆ ಕೊಡುವ ಮುಂಚೆ ಕೇಳಬೇಕಾದದ್ದು: ಪ್ರತಿ ಬದಿಗೂ ಅಜಿಮತ್ ಹೊಂದಿಸುತ್ತೀರಾ, ತಿದ್ದದ ವೇವ್ ಫೈಲನ್ನೂ ಕೊಡುತ್ತೀರಾ, ಕ್ಯಾಸೆಟ್ಟನ್ನು ಹಿಂದಿರುಗಿಸುತ್ತೀರಾ. ಮೊದಲನೆಯದಕ್ಕೆ ಅದೇನು ಎಂದು ಕೇಳಿದರೆ ಬೇರೆಯವರನ್ನು ಹುಡುಕಿ. ಎಂಪಿ3 ಮಾತ್ರ ಕೊಡುತ್ತೇವೆ ಎಂದವರಿಗೂ ಇದೇ ಉತ್ತರ. ಫೈಲು ಕೈಗೆ ಬಂದ ಮೇಲೆ ಮೂರು ಕಡೆ ಪ್ರತಿ ಇಡಿ, ಒಂದು ಮನೆಯಿಂದ ಹೊರಗಿರಲಿ. ಕ್ಯಾಸೆಟ್ಟನ್ನು ಎಸೆಯದೆ, ಸ್ಪೀಕರಿನಿಂದ ದೂರ, ನಿಲ್ಲಿಸಿಡಿ.

ಇಂತಿ,
ಹಳೆಯ ಟೇಪುಗಳ ಕೆಲಸದಲ್ಲಿರುವ ನಿಮ್ಮ ಓದುಗರು